ಚಿಕ್ಕಮ್ಮನ ಜಂಪರಿನ ಎಡತೋಳು

ಚಿಕ್ಕಮ್ಮನನ್ನು ನೋಡಲು ಕೊಟ್ಟೂರಿನ ಗಂಡಿನವರು ಬಸ್ಸಿಳಿದರೆಂಬ ಸುದ್ದಿ ಬಂದಾಗ ನಾನು ಇಟ್ಟಿಗಿ ಊರಿನ ಅಜ್ಜಿಯ ಮನೆಯಲ್ಲಿ ರವೆ ಜರಡಿ ಹಿಡಿಯುತ್ತಿದ್ದೆ. ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತದೆ.

ಸೀರೆಗೆಂದು ಹೊಲಿಯುತ್ತಿದ್ದ ಚಿಕ್ಕಮ್ಮನ ಹೊಸ ಜಂಪರಿಗೆ ಇನ್ನೂ ಎಡತೋಳೇ ಇರಲಿಲ್ಲ. ಅಮ್ಮ ಎಷ್ಟು ತುಳಿದರೂ ಅಜ್ಜಿಯ ಹಳೆಯ ಮಷೀನು ಬಟ್ಟೆಯ ಕೆಳಗೆ ದಾರವನ್ನು ಗಂಟು ಹಾಕುತ್ತಿತ್ತು. ಸೂಜಿ ಬದಲಿಸಿದಳು, ಎಣ್ಣೆ ಬಿಟ್ಟಳು, ಏನೂ ಆಗಲಿಲ್ಲ.

"ಯಾರದೋ ಕಣ್ಣು ಬಿದ್ದೈತಿ," ಎಂದಳು ಅಜ್ಜಿ.

"ಸುಮ್ನಿರು ಯವ್ವಾ, ಈ ಮುದಿ ಮಷೀನಿಗೆ ಯಾರ್ ಕಣ್ಣು ಹಾಕ್ತಾರ?" ಎನ್ನುತ್ತ ಅಮ್ಮ ಕೆಳದಾರದ ಬಾಬಿನ್ ಡಬ್ಬಿ ಬಿಚ್ಚಿ ಕೊಡವಿದಳು. ಎಣ್ಣೆಯಲ್ಲಿ ನೆಂದ ಅಕ್ಷತೆ ಕಾಳುಗಳು ಉದುರಿದವು. ಎಲ್ಲರೂ ನನ್ನತ್ತ ತಿರುಗಿದರು.

"ಶುಕ್ರವಾರ ಮಷೀನಿಗೆ ಪೂಜಿ ಮಾಡಿದ್ನಿ. ಲಕ್ಷ್ಮಿ ಒಳಗ ಇರ್ತಾಳಲ್ಲಮ್ಮ, ಅದಕ್ಕ ಒಳಗ ಹಾಕೀನಿ."

ಅಮ್ಮನ ಕೈ ನನ್ನ ಕಿವಿಯತ್ತ ಬಂತು. ಅಜ್ಜಿ ಅಡ್ಡ ಬಂದು, ಕಾಳುಗಳನ್ನು ಆಯ್ದು ಕಣ್ಣಿಗೊತ್ತಿಕೊಂಡು ಚಿಕ್ಕಮ್ಮನ ತಲೆಗೆ ಹಾಕಿದಳು. "ಅಕ್ಷತಿ ಚೆಲ್ಲಬಾರ್ದು. ಗಂಡಿನೋರಿಗಿಂತ ಮೊದ್ಲ ದೇವ್ರು ಒಪ್ಯಾನ. ನೀ ತೋಳು ಹಚ್ಚಲೇ!" ಎಂದು ಅಮ್ಮನಿಗೆ ಹೇಳಿದಳು.

ಮಷೀನು ಓಡಿತು. ಬಾಗಿಲಲ್ಲಿ "ಅದೀರೇನ್ರಿ?" ಎಂದು ಕೂಗು ಕೇಳುವಷ್ಟರಲ್ಲಿ ಚಿಕ್ಕಮ್ಮ ಎರಡು ತೋಳಿನ ಜಂಪರ್ ತೊಟ್ಟಿದ್ದಳು. ಹಣೆಯ ಮೇಲೆ ಮಷೀನಿನೆಣ್ಣೆ ಇಳಿಯುತ್ತಿತ್ತು.

ದೇವರ ದಯೆ, ನನ್ನ ಕಿವಿಯೂ ಉಳಿಯಿತು. ನಾನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕುಳಿತೆ.