ಹೊಳೆ ದಾಟಿಸಿದ ಬೆಕ್ಕು

ಗೋಣಿಚೀಲದ ವಾಸನೆ ಬಂದರೆ ಇಂದಿಗೂ ಗೋವಾದ ಸಾಂಗೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮ ಬಾಡಿಗೆ ಮನೆಯೊಡತಿಯ ದಾಸವಾಳದ ಗಿಡದಲ್ಲಿದ್ದ ಬುಲ್‌ಬುಲ್ ಮರಿಗಳನ್ನು ನಮ್ಮ ಬೆಕ್ಕು ತಿಂದುಬಿಟ್ಟಿತ್ತು. ಬೆಕ್ಕನ್ನು ಕೊಂದರೆ ಪಾಪ. ಅದಿರು ಲಾರಿಯ ಡ್ರೈವರ್ ಅದನ್ನು ಹೊಳೆಯಾಚೆ ಬಿಡಲು ಒಪ್ಪಿದ್ದ.

"ಕೊಳ್ಳಾಗ ಗೆಜ್ಜಿ ಕಟ್ಟಿ ಮನ್ಯಾಗ ಇಟ್ಕೋತೇನ್ರಿ," ಎಂದಳು ಅವ್ವ.

"ಬೆಕ್ಕು ಇದ್ರ ಮನಿ ಖಾಲಿ ಮಾಡ್ರಿ ಅಂದಾರ ಅವ್ರು," ಎಂದ ಅಪ್ಪ.

ಅವ್ವ ಬೆಕ್ಕಿಗೆ ಹಾಲು-ಅನ್ನ ತಿನ್ನಿಸಿದಳು. ಅಪ್ಪ ಬೆಕ್ಕನ್ನು ಚೀಲಕ್ಕಿಳಿಸಿ ಬಾಯಿ ಬಿಗಿದ. "ದಾರಿ ಕಾಣಬಾರದು. ಕಂಡ್ರ ತಿರುಗಿ ಬರತೈತಿ."

ಲಾರಿ ಕೆಂಪು ಧೂಳೆಬ್ಬಿಸಿ ಹೋಯಿತು. ನಮ್ಮೂರಿನಿಂದ ನಾನು ಸಾಂಗೆಗೆ ಬಂದದ್ದೂ ಲಾರಿಯಲ್ಲೇ, ಅವ್ವನ ಸೆರಗಿನೊಳಗೆ ನಿದ್ದೆ ಹೋಗಿ.

"ಅಪ್ಪಾ, ನಮ್ಮೂರ ದಾರಿ ಯಾವ ಕಡೆ ಐತಿ?"

ಅಪ್ಪ ಕೈಗಂಟಿದ ಗೋಣಿನಾರನ್ನು ಝಾಡಿಸುತ್ತಲೇ ನಿಂತಿದ್ದ.