ಏಳು ದಿನದ ನೀರು

ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣು ಗೇಟಿನವರೆಗಿನ ಕಾಂಕ್ರೀಟು ದಾರಿಯನ್ನು ಸೀಳಿಹಾಕಿತ್ತು. ಮಾಸ್ತರರ ಹೆಂಡತಿಯ ಗಾಲಿಕುರ್ಚಿ ಆ ಸೀಳುಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಯಾರೂ ಎತ್ತದೆ, ತಾನೇ ಗೇಟು ಮುಟ್ಟಬೇಕೆಂಬುದು ಆಕೆಯ ಹಟ. ಪರವೂರಿನ ಗೌಂಡಿ ಹುಸೇನಸಾಬ ಮೂರಡಿ ಎರೆ ತೆಗೆದು, ಬಿರಿಯದ ಗರಸು ಮಣ್ಣು ತುಂಬಿ, ಹೊಸ ಕಾಂಕ್ರೀಟು ಹಾಸಿದ.

“ಏಳು ದಿನ ನೀರು ಉಣಸ್ರಿ. ಯಾರೂ ತುಳೀಬ್ಯಾಡ್ರಿ.”

“ಎಂಟನೇ ದಿನ ನಂದ ಮೊದಲ ಸವಾರಿ!” ಕಿಟಕಿಯಿಂದ ಆಕೆ ನಕ್ಕಿದ್ದಳು.

ಎಂಟನೆಯ ದಿನ ಹುಸೇನಸಾಬ ಬಂದಾಗ ಮಾಸ್ತರರು ಇನ್ನೂ ನೀರು ಬಿಡುತ್ತಿದ್ದರು. ಅವನು ಕುಕ್ಕರಗಾಲಲ್ಲಿ ಕೂತು ನೋಡಿದ, ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

“ಸಾಕ್ರೀ ಮಾಸ್ತರ್ರ. ಅಕ್ಕಾರನ್ನ ಕರೀರಿ, ಸವಾರಿ ಹೊರಡ್ಲಿ.”

ಮಾಸ್ತರರು ಪೈಪು ಕೆಳಗಿಡಲಿಲ್ಲ.

“ನೀ ತುಳೀಬ್ಯಾಡ ಅಂದಿದ್ದಿಯಲ್ಲಪಾ. ನಾಕನೇ ದಿನ ಆಕಿನ್ನ ಹಿತ್ತಲ ಬಾಗಲದಿಂದ ಮಣ್ಣಿಗೆ ಒಯ್ದ್ವಿ.”