ಮಗನನ್ನು ಕೇಳಿಕೊಂಡು ಬಂದವರು

ಬಾಗಿಲು ಬಡಿದ ರಭಸಕ್ಕೇ ಟೈಲರಮ್ಮನಿಗೆ ಬಂದವರು ಯಾರೆಂದು ಗೊತ್ತಾಯಿತು. ಹೊಲಿಗೆ ಯಂತ್ರ ನಿಲ್ಲಿಸಿ ಎದ್ದಳು. ಮಗನನ್ನು ಒಳಕೋಣೆಗೆ ದಬ್ಬಿ ಹೊರಗಿನಿಂದ ಚಿಲಕ ಹಾಕಿದಳು. ಆಮೇಲೆ ಬೀದಿಬಾಗಿಲನ್ನು ಮುಖ ಕಾಣುವಷ್ಟು ಮಾತ್ರ ತೆರೆದಳು.

ಮೆಟ್ಟಿಲ ಮೇಲೆ ಇಬ್ಬರಿದ್ದರು. ಗ್ಯಾರೇಜಿನವನ ತುಟಿ ಒಡೆದು ಊದಿಕೊಂಡಿತ್ತು. ಅವನ ಹಿಂದೆ ಉದ್ದನೆಯ ಹುಡುಗ ಲಂಬು, ಬೀದಿಯ ಆ ತುದಿ ಈ ತುದಿ ನೋಡುತ್ತ ನಿಂತಿದ್ದ.

ಧರ್ಮ ಉಳಿಸುತ್ತೇವೆಂದು ಇವರಿಬ್ಬರೂ ಅವಳ ಮಗನೂ ಒಂದೇ ದಿನ ಸಂಘಟನೆ ಸೇರಿದವರು. ಮೆರವಣಿಗೆ, ಚುನಾವಣೆಯ ಓಡಾಟ, ಹೊಡೆದಾಟ, ಎಲ್ಲದಕ್ಕೂ ಮೂವರೂ ಒಟ್ಟಿಗೇ. ಕಳೆದ ಗಲಾಟೆಯಲ್ಲಿ ಒಬ್ಬ ಮುದುಕನ ಅಂಗಡಿಗೆ ಬೆಂಕಿ ಬಿತ್ತು. ಅಂದಿನಿಂದ ಮಗ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದ.

ಗಂಡ ತೀರಿಕೊಂಡಾಗ ಹೆಗಲು ಕೊಟ್ಟವರು ಸಂಘಟನೆಯವರೇ. ಅವರ ಋಣ ಎಂಥದೆಂದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ಅಮ್ಮಾ, ಅವನನ್ನ ಕಳಿಸಿ. ಒಂದೇ ಒಂದು ಮಾತು," ಎಂದ ಗ್ಯಾರೇಜಿನವನು.

"ನಿಮ್ಮ ಮಾತು ಕೇಳಿಯೇ ಅವನ ತಲೆ ಕೆಟ್ಟಿರೋದು."

"ಅವನನ್ನ ಬಿಟ್ಟು ನಾವು ಹೋಗಲ್ಲ."

"ಹೋಗದಿದ್ರೆ ಬೀದಿಯವರನ್ನೆಲ್ಲ ಕೂಗ್ತೀನಿ. ಆಮೇಲೆ ಕೈಕಾಲು ನೆಟ್ಟಗಿದ್ರೆ ಹೇಳಿ."

ಲಂಬು ಒಳಕ್ಕೆ ಕೇಳುವಂತೆ ಅರಚಿದ: "ಲೋ! ಮೂವರೂ ಒಟ್ಟಿಗೇ ಅಂತ ನೀನೇ ಮಾತು ಕೊಟ್ಟಿದ್ದೆ ಕಣೋ!"

ಒಳಕೋಣೆಯ ಬಾಗಿಲನ್ನು ಗುದ್ದಿದ ಸದ್ದು. "ಅಮ್ಮಾ, ತೆಗಿ! ನಾನೇ ಮಾತಾಡ್ತೀನಿ!"

ಗ್ಯಾರೇಜಿನವನು ಬಾಗಿಲ ಸಂದಿಗೆ ಕಾಲಿಟ್ಟ. ಟೈಲರಮ್ಮ ಬಟ್ಟೆ ಕತ್ತರಿಸುವ ಕತ್ತರಿಯನ್ನು ಅವನ ಎದೆಗೆ ಹಿಡಿದಳು.

"ನನ್ನ ಮಗ ನಿಮ್ಮ ದಾರಿ ಹಿಡಿಯಲ್ಲ. ಕರ್ಕೊಂಡು ಹೋಗೋದಿದ್ರೆ ನನ್ನ ಹೆಣ ದಾಟಿಕೊಂಡು ಹೋಗಿ."

ಅವನು ಕಾಲು ಹಿಂದಕ್ಕೆಳೆದುಕೊಂಡ. ಕಣ್ಣು ತುಂಬಿತ್ತು. "ನಿಮ್ಮ ಕೈತುತ್ತು ಉಂಡವರು ನಾವು, ಅಮ್ಮಾ."

"ಅದನ್ನ ಮರೆತವರೂ ನೀವೇ."

ಲಂಬು ಅವನ ತೋಳು ಹಿಡಿದು ಎಳೆದ. ಇಬ್ಬರೂ ಹಿಂದಿರುಗಿ ಹಿಂದಿರುಗಿ ನೋಡುತ್ತ ಬೀದಿ ದಾಟಿದರು.

ಟೈಲರಮ್ಮ ಬೀದಿಬಾಗಿಲಿಗೆ ಅಗುಳಿ ಹಾಕಿದಳು. ಒಳಕೋಣೆಯಲ್ಲಿ ಮಗ ಗುದ್ದುತ್ತಲೇ ಇದ್ದ. ಅವಳು ಅತ್ತ ತಿರುಗದೆ ಫೋನ್ ಕೈಗೆತ್ತಿಕೊಂಡಳು.

"ಸಂಘಟನೆ ಬಿಟ್ಟವರು ಇಬ್ಬರೇ ಅಣ್ಣಾ, ನನ್ನ ಮಗ ಈಗಲೂ ನಿಮ್ಮವನೇ, ಆ ಇಬ್ಬರೂ ಈಗಷ್ಟೇ ಬಸ್ ನಿಲ್ದಾಣದ ಕಡೆ ಹೋದ್ರು, ನಿಮ್ಮವರನ್ನ ಬೇಗ ಕಳಿಸಿ."